ಪ್ರತಿ ಮತ್ತು ಪ್ರತಿನಿಧಿ: ಕ್ಲೌಡ್ ಸಂಗ್ರಹದಲ್ಲಿ ಗ್ರಂಥರಕ್ಷಣೆಯ ಪಾಠ

ಪೀಠಿಕೆ

ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ಗ್ರಂಥವೆಂದು ಪರಿಗಣಿತವಾದ ‘ಕವಿರಾಜಮಾರ್ಗ’ವು ಗದ್ಯಕಾರರಾಗಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನೂ ಪದ್ಯಕವಿಗಳಾಗಿ ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರನ್ನೂ ಹೆಸರಿಸುತ್ತದೆ. ಈ ಹೆಸರುಗಳು ಉಳಿದವು. ಇವರ ಕನ್ನಡ ಕೃತಿಗಳು ಉಳಿಯಲಿಲ್ಲ. ಒಂದು ಶತಮಾನದ ಅನಂತರ ಬಂದ ಪೊನ್ನನ ವಿಷಯದಲ್ಲಿ ಇದೇ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಅವನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ದಾನಚಿಂತಾಮಣಿ ಅತ್ತಿಮಬ್ಬೆ ಬರೆಯಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ, ಆ ಕೃತಿ ಇಂದಿಗೂ ಓದಲು ಸಿಗುತ್ತದೆ. ಅದೇ ಕವಿಯ ‘ಭುವನೈಕರಾಮಾಭ್ಯುದಯ’ ದೊರೆತಿಲ್ಲ. ಕೃತಿಯ ಅಳಿವು ಉಳಿವುಗಳಿಗೆ ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ಹೇಳಲಾಗದು. ಆದರೆ ಪ್ರತಿಯೇ ಇಲ್ಲದ ಕೃತಿಗೆ ಎರಡನೆಯ ಅವಕಾಶವಿಲ್ಲವೆಂಬುದರಲ್ಲಿ ಸಂದೇಹವಿಲ್ಲ.

ಹಸ್ತಪ್ರತಿಗಳ ಕಾಲದ ಈ ಪ್ರಶ್ನೆ ಇಂದು ಕ್ಲೌಡ್ ಸಂಗ್ರಹದ ಸರ್ವರುಗಳಲ್ಲಿ ಮರುಕಳಿಸಿದೆ. ಯಾಲಾಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳ ಕನ್ನಡಕ್ಕೆ ಅದು ಹೆಚ್ಚು ನಿಕಟವಾದ ಪ್ರಶ್ನೆಯೂ ಆಗಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲ್ಲೂಕಾಗಿತ್ತು. ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರ್ ಜಿಲ್ಲೆಗೆ ಸೇರಿದ್ದವು. ಗಡಿ ಸರಿದ ಮೇಲೂ ಮನೆಮಾತಾಗಿ ಉಳಿದ ಕನ್ನಡದ ಬೀಸುವ ಪದ, ಸೋಬಾನೆ, ಗಾದೆ, ಭಜನೆಯ ಕೈಬರಹದ ಪುಸ್ತಕ ಇವುಗಳಲ್ಲಿ ಎಷ್ಟೋ ಮುದ್ರಣವನ್ನೇ ಕಂಡಿಲ್ಲ. ಹಿರಿಯ ಹೆಣ್ಣುಮಗಳೊಬ್ಬಳು ಹಾಡಿದ್ದನ್ನು ಧ್ವನಿಮುದ್ರಿಸಿದ ಕಡತವೇ ಆ ಹಾಡಿನ ಏಕೈಕ ಪ್ರತಿಯಾಗಿರುವುದು ಸಾಧ್ಯ. ಹಾಡಿದವಳು ತೀರಿಕೊಂಡ ಮೇಲೆ ಆ ಕಡತ ಅಳಿಸಿಹೋದರೆ ಅದನ್ನು ಮತ್ತೆ ಪಡೆಯುವ ದಾರಿ ಇರುವುದಿಲ್ಲ.

ಆದ್ದರಿಂದ ಸರ್ವರುಗಳಲ್ಲಿ ಪ್ರತಿಗಳನ್ನು ಹೇಗೆ ಇಡಲಾಗುತ್ತದೆ, ಒಂದು ಸರ್ವರು ಬಿದ್ದಾಗ ಮತ್ತೊಂದು ತಾನಾಗಿ ಹೇಗೆ ಹೊಣೆ ಹೊರುತ್ತದೆ ಎಂಬ ವಿಷಯವು ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾದುದಲ್ಲ. ಗ್ರಂಥಸಂಪಾದನಾ ಶಾಸ್ತ್ರವನ್ನು ಓದಿದ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇದರ ಮುಖ್ಯ ಪರಿಕಲ್ಪನೆಗಳು ಬೇರೆ ಹೆಸರಿನಲ್ಲಿ ಈಗಾಗಲೇ ಪರಿಚಿತವಾಗಿವೆ.

ಏಕಪ್ರತಿಯ ಅಪಾಯ

ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿಯು ಮುಂದೆ ಮಳಖೇಡವನ್ನು ಹಾದು ಭೀಮೆಯನ್ನು ಸೇರುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಜೈನ ಸಿದ್ಧಾಂತದ ಪ್ರಾಚೀನ ಗ್ರಂಥವಾದ ‘ಷಟ್‌ಖಂಡಾಗಮ’ಕ್ಕೆ ವೀರಸೇನಾಚಾರ್ಯರು ಬರೆದ ‘ಧವಳಾ’ ಟೀಕೆಯೂ, ಅವರು ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದ ‘ಜಯಧವಳಾ’ ಟೀಕೆಯೂ ರಾಷ್ಟ್ರಕೂಟರ ಕಾಲದ ಬೃಹತ್ ಕೃತಿಗಳು. 972ರಲ್ಲಿ ಪರಮಾರರ ಸೀಯಕನು ಮಾನ್ಯಖೇಟವನ್ನು ಕೊಳ್ಳೆ ಹೊಡೆದನು; ಸ್ವಲ್ಪ ಕಾಲದಲ್ಲಿಯೇ ರಾಷ್ಟ್ರಕೂಟರ ಆಳ್ವಿಕೆಯೂ ಮುಗಿಯಿತು. ರಾಜಧಾನಿ ಬಿದ್ದರೂ ಈ ಟೀಕೆಗಳು ಅಳಿಯಲಿಲ್ಲ. ಹಳಗನ್ನಡ ಲಿಪಿಯಲ್ಲಿ ತಾಳೆಗರಿಯ ಮೇಲೆ ಬರೆದ ಅವುಗಳ ಪ್ರತಿಗಳು ದೂರದ ಮೂಡುಬಿದಿರೆಯ ಬಸದಿಯಲ್ಲಿ ಉಳಿದಿದ್ದವು.

ಶತಮಾನಗಳ ಕಾಲ ಮೂಡುಬಿದಿರೆಯೊಂದೇ ಇವುಗಳ ಆಶ್ರಯವಾಗಿತ್ತು. ಆ ಅವಧಿಯಲ್ಲಿ ಅಲ್ಲಿ ಒಂದು ಬೆಂಕಿ ಬಿದ್ದಿದ್ದರೆ, ಗೆದ್ದಲು ಹತ್ತಿದ್ದರೆ ಒಂದು ಮತದ ಆಗಮಪರಂಪರೆಯ ಮುಖ್ಯ ಭಾಗವೇ ಇಲ್ಲವಾಗುತ್ತಿತ್ತು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ‘ಧವಳಾ’ ಹದಿನಾರು ಸಂಪುಟಗಳಾಗಿ ಅಚ್ಚಾದ ಮೇಲೆಯೇ ಆ ಭಯ ದೂರವಾಯಿತು.

ಸರ್ವರುಗಳ ಲೋಕದಲ್ಲಿ ಇಂಥ ಸ್ಥಿತಿಯನ್ನು ‘ಏಕಸ್ಥಾನದ ವೈಫಲ್ಯ’ ಎನ್ನಬಹುದು. ಯಾವ ಒಂದು ವಸ್ತು ಕೆಟ್ಟರೆ ಇಡೀ ವ್ಯವಸ್ಥೆ ನಿಲ್ಲುವುದೋ ಆ ವಸ್ತುವೇ ಅಂಥ ಸ್ಥಾನ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಂದ ಬೆಂಕಿ ಹತ್ತಿತು. ಸರಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಕ್ಲೌಡ್ ಸಂಗ್ರಹ ಅದರಲ್ಲಿ ನಾಶವಾಯಿತು. ಅದರಲ್ಲಿದ್ದ 858 ಟೆರಾಬೈಟ್ ದತ್ತಾಂಶಕ್ಕೆ ಹೊರಗೆ ಪ್ರತಿ ಇರಲಿಲ್ಲ. ‘ಕ್ಲೌಡ್’ ಎಂಬ ಹೆಸರು ಎಲ್ಲೆಡೆಯೂ ಇರುವ ವಸ್ತುವಿನ ಭಾವನೆಯನ್ನು ಹುಟ್ಟಿಸುತ್ತದೆ. ವಾಸ್ತವದಲ್ಲಿ ಅದು ಯಾವುದೋ ಊರಿನ, ಯಾವುದೋ ಕಟ್ಟಡದ ಯಂತ್ರಗಳ ಸಮೂಹ. ಕಡತ ಕ್ಲೌಡ್‌ನಲ್ಲಿದೆ ಎಂಬ ಉತ್ತರ ಸಾಲದು. ಎಷ್ಟು ಕಟ್ಟಡಗಳಲ್ಲಿದೆ ಎಂಬ ಪ್ರಶ್ನೆ ಅದರ ಹಿಂದೆಯೇ ಬರಬೇಕು.

ಪ್ರತೀಕರಣ: ಎರಡು ಬಗೆ

ಒಂದು ಸರ್ವರಿನಲ್ಲಿ ಬರೆದುದು ಇನ್ನೊಂದರಲ್ಲಿಯೂ ತಾನಾಗಿ ಬರೆಯಲ್ಪಡುವ ಏರ್ಪಾಡಿಗೆ ರೆಪ್ಲಿಕೇಷನ್ ಎಂದು ಹೆಸರು. ಕನ್ನಡದಲ್ಲಿ ಪ್ರತೀಕರಣ ಎನ್ನಬಹುದು. ಬರೆಹವನ್ನು ಮೊದಲು ಸ್ವೀಕರಿಸುವ ಸರ್ವರು ಪ್ರಧಾನ; ಅದನ್ನು ಅನುಸರಿಸುವುದು ಅನುಚರ. ಇದರಲ್ಲಿ ಎರಡು ಬಗೆಗಳಿವೆ.

ಮೊದಲನೆಯದು ಸಮಕಾಲಿಕ ಪ್ರತೀಕರಣ. ಕಡತವೊಂದು ಬಂದಾಗ ಪ್ರಧಾನವು ಅದನ್ನು ತನ್ನಲ್ಲಿ ಬರೆದು, ಅನುಚರಕ್ಕೆ ಕಳಿಸಿ, ಅಲ್ಲಿಯೂ ಬರೆದಾಯಿತೆಂಬ ಉತ್ತರ ಬಂದ ಮೇಲೆಯೇ ಕಳಿಸಿದವರಿಗೆ ‘ಸ್ವೀಕರಿಸಲಾಗಿದೆ’ ಎನ್ನುತ್ತದೆ. ಓಲೆಕಾರನು ಒಂದು ಗರಿಯನ್ನು ಬರೆದು, ಪಕ್ಕದವನು ಅದನ್ನು ಪ್ರತಿ ಮಾಡಿ ಮುಗಿಸುವವರೆಗೆ ಮುಂದಿನ ಗರಿಗೆ ಕೈ ಹಾಕದೆ ಕಾಯುವಂತೆ ಈ ಕ್ರಮ. ಇಲ್ಲಿ ನಷ್ಟದ ಭಯ ಕಡಮೆ, ತಡವಾಗುವುದು ಹೆಚ್ಚು. ಎರಡನೆಯದು ಅಸಮಕಾಲಿಕ ಪ್ರತೀಕರಣ. ಪ್ರಧಾನವು ತನ್ನಲ್ಲಿ ಬರೆದ ಕೂಡಲೇ ಒಪ್ಪಿಗೆ ಕೊಟ್ಟು, ಅನುಚರಕ್ಕೆ ಆಮೇಲೆ ಕಳಿಸುತ್ತದೆ. ಕೆಲಸ ಬೇಗ ಸಾಗುತ್ತದೆ. ಆದರೆ ಒಪ್ಪಿಗೆಗೂ ಕಳಿಸುವಿಕೆಗೂ ನಡುವೆ ಪ್ರಧಾನವೇ ಬಿದ್ದರೆ, ಕೊನೆಯ ಕೆಲವು ಕಡತಗಳು ಅನುಚರವನ್ನು ಮುಟ್ಟಿರುವುದಿಲ್ಲ.

ಯಾವುದನ್ನು ಆರಿಸಬೇಕೆಂಬುದನ್ನು ಬಹುಮಟ್ಟಿಗೆ ದೂರ ನಿರ್ಧರಿಸುತ್ತದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ. 100 ಕಿ.ಮೀ. ಉದ್ದದ ತಂತಿಯಲ್ಲಿ ಹೋಗಿ ಬರಲು ಒಂದು ಮಿಲಿಸೆಕೆಂಡು ಸಾಕು. ನಡುವಣ ಉಪಕರಣಗಳು ಇನ್ನಷ್ಟು ಕಾಲವನ್ನು ತೆಗೆದುಕೊಳ್ಳುತ್ತವೆ. ಹತ್ತಿರದ ಊರುಗಳ ನಡುವೆ ಸಮಕಾಲಿಕ ಕ್ರಮ ಸಾಧ್ಯ. ದೂರದ ನಗರಗಳಿಗೆ, ಹೊರದೇಶಗಳಿಗೆ ಅಸಮಕಾಲಿಕ ಕ್ರಮವೇ ರೂಢಿಯಲ್ಲಿದೆ.

ದೂರಕ್ಕೆ ಮತ್ತೊಂದು ಪ್ರಯೋಜನವಿದೆ. ಒಂದು ಸರ್ವರು ವರ್ಷದಲ್ಲಿ ಕೆಡುವ ಸಂಭವ 20ರಲ್ಲಿ 1 ಎಂದು ಭಾವಿಸಿದರೆ, ಎರಡೂ ಕೆಡುವ ಸಂಭವ 400ರಲ್ಲಿ 1, ಮೂರೂ ಕೆಡುವ ಸಂಭವ 8,000ದಲ್ಲಿ 1 ಎಂದು ಗಣಿತ ಹೇಳುತ್ತದೆ. ಆದರೆ ಒಂದರ ಕೇಡು ಇನ್ನೊಂದಕ್ಕೆ ಸಂಬಂಧಿಸದಿದ್ದರೆ ಮಾತ್ರ ಈ ಲೆಕ್ಕ ಸರಿ. ಮೂರೂ ಒಂದೇ ಕೋಣೆಯಲ್ಲಿ, ಒಂದೇ ವಿದ್ಯುತ್ ತಂತಿಗೆ ಸೇರಿದ್ದರೆ ಅವು ಹೆಸರಿಗೆ ಮೂರು, ಅಪಾಯಕ್ಕೆ ಒಂದೇ. ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟುವ ಮೂಸಿ ನದಿಯು 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಉಕ್ಕಿದಾಗ ದಂಡೆಯ ಮನೆಗಳಲ್ಲಿ ಇದು ಅಸಲು, ಇದು ನಕಲು ಎಂದು ಭೇದ ಮಾಡಲಿಲ್ಲ. ಅತ್ತಿಮಬ್ಬೆಯ ಕಾರ್ಯದಲ್ಲಿ ‘ಸಾವಿರ’ ಎಂಬ ಸಂಖ್ಯೆಯಷ್ಟೇ ‘ಹಂಚಿದಳು’ ಎಂಬ ಕ್ರಿಯಾಪದವೂ ಮುಖ್ಯವಾಗುವುದು ಇದೇ ಕಾರಣದಿಂದ.

ಪ್ರತಿನಿಧಿಯ ಆಯ್ಕೆ

ಪ್ರತಿ ಇದ್ದ ಮಾತ್ರಕ್ಕೆ ಸೇವೆ ನಡೆಯುವುದಿಲ್ಲ. ಪ್ರಧಾನ ಸರ್ವರು ಬಿದ್ದಾಗ ಓದುಗರ ಕೋರಿಕೆಗಳು ಅನುಚರದ ಕಡೆಗೆ ತಿರುಗಬೇಕು. ಅನುಚರವು ಪ್ರಧಾನದ ಪದವಿಯನ್ನು ವಹಿಸಬೇಕು. ಮನುಷ್ಯರ ಕೈ ಸೇರದೆ ಇದು ನಡೆಯುವುದನ್ನು ಸ್ವಯಂಚಾಲಿತ ಫೇಲ್‌ಓವರ್ ಎನ್ನುತ್ತಾರೆ. ‘ಸ್ವಯಂ ಹಸ್ತಾಂತರ’ ಎಂಬುದು ಅದಕ್ಕೆ ಒಪ್ಪುವ ಮಾತು. ಇದರಲ್ಲಿ ಮೂರು ಹೆಜ್ಜೆಗಳಿವೆ: ಬಿದ್ದುದನ್ನು ಅರಿಯುವುದು, ಪ್ರತಿನಿಧಿಯನ್ನು ಆರಿಸುವುದು, ವಿಳಾಸವನ್ನು ತಿರುಗಿಸುವುದು.

ಅರಿಯುವ ಉಪಾಯಕ್ಕೆ ಹಾರ್ಟ್‌ಬೀಟ್, ಅಂದರೆ ನಾಡಿಮಿಡಿತ ಎಂದು ಹೆಸರು. ಪ್ರತಿ ಸರ್ವರೂ ನಿಯತ ಕಾಲಕ್ಕೆ, ಉದಾಹರಣೆಗೆ ಸೆಕೆಂಡಿಗೊಮ್ಮೆ, ತಾನಿರುವೆನೆಂದು ಉಳಿದವುಗಳಿಗೆ ತಿಳಿಸುತ್ತದೆ. ಹತ್ತು ಮಿಡಿತಗಳು ಬರದಿದ್ದರೆ ಅದು ಬಿದ್ದಿದೆ ಎಂದು ತಿಳಿಯಲಾಗುತ್ತದೆ. ಈ ಅವಧಿ ತೀರ ಚಿಕ್ಕದಾದರೆ ಸಂಪರ್ಕದ ಸಣ್ಣ ತಡಕ್ಕೂ ಪಟ್ಟ ಬದಲಾಗುತ್ತದೆ. ದೊಡ್ಡದಾದರೆ ಸೇವೆ ಅಷ್ಟು ಹೊತ್ತು ನಿಲ್ಲುತ್ತದೆ.

ಇಲ್ಲಿ ಸೂಕ್ಷ್ಮವಾದ ಒಂದು ತೊಡಕಿದೆ. ಮಿಡಿತ ಕೇಳಿಸದಿದ್ದರೆ ಸರ್ವರು ಸತ್ತಿರಬಹುದು, ಅಥವಾ ನಡುವಣ ತಂತಿ ಮಾತ್ರ ಕಡಿದಿರಬಹುದು. ದೂರದಿಂದ ನೋಡುವವನಿಗೆ ಇವೆರಡರ ಭೇದ ತಿಳಿಯದು. ತಂತಿ ಕಡಿದ ಸಂದರ್ಭದಲ್ಲಿ ಅನುಚರವು ತನ್ನನ್ನು ಪ್ರಧಾನವೆಂದು ಘೋಷಿಸಿಕೊಂಡರೆ, ಆ ಕಡೆ ಹಳೆಯ ಪ್ರಧಾನವೂ ಬದುಕಿದ್ದು ಬರೆಹಗಳನ್ನು ಸ್ವೀಕರಿಸುತ್ತಿರುತ್ತದೆ. ಒಂದೇ ಸಂಗ್ರಹಕ್ಕೆ ಇಬ್ಬರು ಒಡೆಯರಾಗುತ್ತಾರೆ. ಇದನ್ನು ಸ್ಪ್ಲಿಟ್ ಬ್ರೈನ್, ಅಂದರೆ ಒಡೆದ ಮಿದುಳು ಎಂದು ಕರೆಯುತ್ತಾರೆ. ರಾಷ್ಟ್ರಕೂಟ ಧ್ರುವನು ಕಿರಿಯ ಮಗ ಮೂರನೆಯ ಗೋವಿಂದನಿಗೆ ಪಟ್ಟವನ್ನು ಕೊಟ್ಟಾಗ ಹಿರಿಯ ಮಗ ಸ್ತಂಭನು ಹಲವು ಅರಸರನ್ನು ಕೂಡಿಸಿಕೊಂಡು ದಂಗೆಯೆದ್ದುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಸಿಂಹಾಸನ ಬರಿದಾಗಿರುವುದಕ್ಕಿಂತ ಅದಕ್ಕೆ ಇಬ್ಬರು ಹಕ್ಕುದಾರರಿರುವುದು ರಾಜ್ಯಕ್ಕೆ ಹೆಚ್ಚು ಕೇಡು. ಸರ್ವರುಗಳಲ್ಲಿಯೂ ಹಾಗೆಯೇ: ಸೇವೆ ಕೆಲವು ನಿಮಿಷ ನಿಂತರೆ ತೊಂದರೆ, ಎರಡು ಕಡೆ ಎರಡು ಬಗೆಯ ಬರೆಹ ಸೇರಿದರೆ ಅವುಗಳನ್ನು ಮತ್ತೆ ಒಂದುಗೂಡಿಸುವುದು ಗ್ರಂಥಸಂಪಾದಕನ ಪಾಠಾಂತರ ನಿರ್ಣಯದಷ್ಟೇ ಶ್ರಮದ ಕೆಲಸ.

2018ರ ಅಕ್ಟೋಬರ್ 21ರಂದು ಗಿಟ್‌ಹಬ್ ಸಂಸ್ಥೆಯಲ್ಲಿ ನಡೆದುದು ಇದಕ್ಕೆ ಪ್ರಸಿದ್ಧ ನಿದರ್ಶನ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಪರ್ಕವು 43 ಸೆಕೆಂಡು ಮಾತ್ರ ಕಡಿಯಿತು. ಅಷ್ಟರಲ್ಲಿ ಹಸ್ತಾಂತರದ ತಂತ್ರಾಂಶವು ಪಶ್ಚಿಮ ಕರಾವಳಿಯ ಸರ್ವರುಗಳಿಗೆ ಪಟ್ಟ ಕಟ್ಟಿತು. ಪೂರ್ವದಲ್ಲಿ ಬರೆದ ಕೆಲವು ಸಂಗತಿಗಳು ಪಶ್ಚಿಮವನ್ನು ಮುಟ್ಟಿರಲಿಲ್ಲ. ಪಶ್ಚಿಮದಲ್ಲಿ ಹೊಸ ಬರೆಹಗಳು ಆಗಲೇ ಸೇರತೊಡಗಿದ್ದವು. ಎರಡನ್ನೂ ಹೊಂದಿಸಿ ಸೇವೆಯನ್ನು ಪೂರ್ವಸ್ಥಿತಿಗೆ ತರಲು 24 ಗಂಟೆ 11 ನಿಮಿಷ ಬೇಕಾದವು. ದೂರದ ಕರಾವಳಿಗೆ ಪಟ್ಟವನ್ನು ತಾನಾಗಿ ದಾಟಿಸದಂತೆ ತಂತ್ರಾಂಶವನ್ನು ತಿದ್ದುವುದು ಸಂಸ್ಥೆಯು ಅನಂತರ ಕೈಗೊಂಡ ಕ್ರಮಗಳಲ್ಲಿ ಒಂದಾಗಿತ್ತು.

ಬಹುಮತ, ಮುದ್ರೆ ಮತ್ತು ರಾಜ್ಯವರ್ಷ

ಒಡೆದ ಮಿದುಳನ್ನು ತಡೆಯಲು ಮೂರು ಉಪಾಯಗಳು ರೂಢಿಯಲ್ಲಿವೆ.

ಒಂದು, ಬಹುಮತ. ಯಾವ ಸರ್ವರೂ ತನ್ನಷ್ಟಕ್ಕೆ ತಾನು ಪ್ರಧಾನವಾಗುವಂತಿಲ್ಲ. ಒಟ್ಟು ಸರ್ವರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಮತ ಬೇಕು. ಒಂದು ಗುಂಪು ಎರಡಾಗಿ ಒಡೆದರೆ ಬಹುಮತ ಒಂದು ಕಡೆಗೆ ಮಾತ್ರ ಇರಲು ಸಾಧ್ಯ. ಎರಡೇ ಸರ್ವರುಗಳಿದ್ದು ತಂತಿ ಕಡಿದರೆ ಯಾವುದಕ್ಕೂ ಬಹುಮತವಿರದು. ಮೂರಿದ್ದರೆ ಒಂದನ್ನು ಕಳೆದುಕೊಂಡೂ ಕೆಲಸ ಸಾಗುತ್ತದೆ. ಐದಿದ್ದರೆ ಎರಡನ್ನು ಕಳೆದುಕೊಳ್ಳಬಹುದು. ನಾಲ್ಕಿದ್ದರೂ ಒಂದನ್ನೇ ಕಳೆದುಕೊಳ್ಳಬಹುದಾದ್ದರಿಂದ ಬೆಸ ಸಂಖ್ಯೆಯನ್ನು ಆರಿಸುವುದು ವಾಡಿಕೆ.

ಎರಡು, ಮುದ್ರೆ. ಪ್ರಧಾನಕ್ಕೆ ಬರೆಯುವ ಅಧಿಕಾರವನ್ನು ಅಲ್ಪಾವಧಿಗೆ, ಉದಾಹರಣೆಗೆ 30 ಸೆಕೆಂಡಿಗೆ, ಗುತ್ತಿಗೆಯಾಗಿ ಕೊಡಲಾಗುತ್ತದೆ. ಬಹುಮತವನ್ನು ಸಂಪರ್ಕಿಸಿ ಅದನ್ನು ನವೀಕರಿಸಿಕೊಳ್ಳಲಾಗದ ಪ್ರಧಾನವು ಅವಧಿ ಮುಗಿದೊಡನೆ ತಾನಾಗಿ ಬರೆಹವನ್ನು ನಿಲ್ಲಿಸಬೇಕು. ಹೊಸ ಪ್ರಧಾನವು ಆ ಅವಧಿ ಕಳೆಯುವವರೆಗೆ ಕಾಯಬೇಕು. ಹಳೆಯದು ಮಾತು ಕೇಳುವುದೆಂಬ ಭರವಸೆ ಇಲ್ಲದ ಕಡೆ, ಅದರ ವಿದ್ಯುತ್ತನ್ನೇ ದೂರದಿಂದ ಕಡಿಯುವ ಏರ್ಪಾಡೂ ಉಂಟು. ಹಳೆಯ ಅಧಿಕಾರಿಯಿಂದ ಮುದ್ರೆಯುಂಗುರವನ್ನು ಹಿಂದಕ್ಕೆ ಪಡೆಯದೆ ಹೊಸಬನಿಗೆ ಮತ್ತೊಂದನ್ನು ಕೊಡಬಾರದೆಂಬುದು ಇದರ ತತ್ತ್ವ.

ಮೂರು, ಅವಧಿಸಂಖ್ಯೆ. ಡಿಯಾಗೊ ಒಂಗಾರೋ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ‘ರಾಫ್ಟ್’ ಎಂಬ ಪದ್ಧತಿಯಲ್ಲಿ ಪ್ರತಿಯೊಂದು ಚುನಾವಣೆಗೂ ಏರುತ್ತ ಹೋಗುವ ಒಂದು ಸಂಖ್ಯೆ ಇರುತ್ತದೆ. ಪ್ರಧಾನವು ಹೊರಡಿಸುವ ಪ್ರತಿಯೊಂದು ಆಜ್ಞೆಯೂ ಆ ಸಂಖ್ಯೆಯನ್ನು ಹೊತ್ತಿರುತ್ತದೆ. ಹಳೆಯ ಸಂಖ್ಯೆಯ ಆಜ್ಞೆ ತಡವಾಗಿ ಬಂದರೆ ಉಳಿದ ಸರ್ವರುಗಳು ಅದನ್ನು ತಿರಸ್ಕರಿಸುತ್ತವೆ. ಶಾಸನಗಳನ್ನು ಓದುವ ವಿದ್ಯಾರ್ಥಿಗೆ ಇದು ರಾಜ್ಯವರ್ಷದ ಉಲ್ಲೇಖವನ್ನು ನೆನಪಿಗೆ ತರುತ್ತದೆ: ಯಾರ ಆಳ್ವಿಕೆಯ ಎಷ್ಟನೆಯ ವರ್ಷದ್ದೆಂದು ತಿಳಿದರೆ ದತ್ತಿಯ ಕಾಲಕ್ರಮ ನಿರ್ಣಯ ಸುಲಭವಾಗುತ್ತದೆ.

ಸ್ಥಾಪನೆಯ ಕ್ರಮ: ಒಂದು ಕಲ್ಪಿತ ಮಾದರಿ

ಈ ತತ್ತ್ವಗಳನ್ನು ಒಂದು ಮಾದರಿಯ ಮೇಲೆ ಇಟ್ಟು ನೋಡಬಹುದು. ಯಾಲಾಲ್ ಸುತ್ತಿನ ಹಾಡುಗಳ 500 ಗಂಟೆಗಳ ಧ್ವನಿಮುದ್ರಣವಿದೆ ಎಂದು ಭಾವಿಸಲಾಗಲಿ. ಸಂಕುಚಿತಗೊಳಿಸದ ಉತ್ತಮ ದರ್ಜೆಯ ಧ್ವನಿಗೆ ಗಂಟೆಗೆ ಸುಮಾರು 1 ಗಿಗಾಬೈಟ್ ಬೇಕಾಗುವುದರಿಂದ ಇಡೀ ಸಂಗ್ರಹ ಸುಮಾರು 500 ಗಿಗಾಬೈಟ್ ಆಗುತ್ತದೆ.

ಮೊದಲ ಹೆಜ್ಜೆಯಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಎಷ್ಟು ಬರೆಹ ನಷ್ಟವಾದರೆ ಸಹಿಸಬಹುದು? ಎಷ್ಟು ಹೊತ್ತು ಸೇವೆ ನಿಂತರೆ ಸಹಿಸಬಹುದು? ಬ್ಯಾಂಕಿಗೆ ಎರಡಕ್ಕೂ ಉತ್ತರ ಬಹುಮಟ್ಟಿಗೆ ಸೊನ್ನೆ. ಹಾಡಿನ ಸಂಗ್ರಹವಾದರೋ ಅರ್ಧ ದಿನ ನಿಂತರೂ ಕೇಡಿಲ್ಲ. ಒಂದು ಹಾಡು ಕಳೆದುಹೋಗುವುದು ಮಾತ್ರ ಸಹಿಸುವಂಥದಲ್ಲ. ಈ ಭೇದವನ್ನು ಮೊದಲೇ ತಿಳಿದರೆ ವೇಗಕ್ಕಾಗಿ ಹಣ ಸುರಿಯದೆ ಭದ್ರತೆಗಾಗಿ ವಿನಿಯೋಗಿಸಬಹುದು.

ಎರಡನೆಯ ಹೆಜ್ಜೆ ಸ್ಥಾನನಿರ್ಣಯ. ಯಾಲಾಲ್‌ನಲ್ಲಿ ಪ್ರಧಾನ, ಜಹೀರಾಬಾದಿನಲ್ಲಿ ಪೂರ್ಣ ಪ್ರತಿಯುಳ್ಳ ಅನುಚರ, ನಾರಾಯಣಖೇಡದಲ್ಲಿ ಮತ ಹಾಕುವುದಕ್ಕಷ್ಟೇ ಇರುವ ಸಣ್ಣ ಸಾಕ್ಷಿ ಸರ್ವರು. ಸಾಕ್ಷಿಯಲ್ಲಿ ಹಾಡುಗಳಿರುವುದಿಲ್ಲ, ಆದ್ದರಿಂದ ಅದರ ಖರ್ಚು ಅಲ್ಪ. ಆದರೆ ಯಾಲಾಲ್–ಜಹೀರಾಬಾದ್ ಸಂಪರ್ಕ ಕಡಿದಾಗ ಯಾರು ಪ್ರಧಾನ ಎಂಬುದನ್ನು ತೀರ್ಮಾನಿಸುವ ಮತ ಅದರದೇ.

ಮೂರನೆಯ ಹೆಜ್ಜೆ ಪ್ರತೀಕರಣ. ಎರಡು ಪೂರ್ಣ ಪ್ರತಿಗಳ ನಡುವೆ ಸಮಕಾಲಿಕ ಕ್ರಮವನ್ನು ಅನುಸರಿಸಬಹುದು: ಹಾಡಿನ ಕಡತ ಎರಡೂ ಊರುಗಳನ್ನು ಮುಟ್ಟಿದ ಮೇಲೆಯೇ ಸಂಗ್ರಾಹಕನ ಮೊಬೈಲಿನಿಂದ ಅದನ್ನು ಅಳಿಸಲು ಒಪ್ಪಿಗೆ. ದೊಡ್ಡ ಸಂಗ್ರಹಗಳಲ್ಲಿ ಬಳಕೆಯಲ್ಲಿರುವ ‘ಸೆಫ್’ ಎಂಬ ಮುಕ್ತ ತಂತ್ರಾಂಶವು ಸಾಮಾನ್ಯವಾಗಿ ಮೂರು ಪ್ರತಿಗಳನ್ನು ಇಡುತ್ತದೆ. ಎರಡಕ್ಕಿಂತ ಕಡಮೆ ಪ್ರತಿಗಳು ಉಳಿದರೆ ಹೊಸ ಬರೆಹವನ್ನು ಸ್ವೀಕರಿಸದೆ ನಿಲ್ಲುತ್ತದೆ. ಉಳಿದ ಒಂದೇ ಪ್ರತಿಯ ಮೇಲೆ ಭಾರ ಹೊರಿಸುವುದಕ್ಕಿಂತ ಬಾಗಿಲು ಮುಚ್ಚುವುದು ಲೇಸೆಂಬ ವಿವೇಕ ಇದರಲ್ಲಿದೆ.

ನಾಲ್ಕನೆಯ ಹೆಜ್ಜೆ ವಿಳಾಸ. ಓದುಗರಿಗೆ ಸರ್ವರಿನ ಸ್ವಂತ ವಿಳಾಸವನ್ನು ಕೊಡಬಾರದು; ಪದವಿಯ ವಿಳಾಸವನ್ನು ಕೊಡಬೇಕು. ‘ಅಂಚೆ ಅಧಿಕಾರಿಗಳು, ತಾಂಡೂರು’ ಎಂದು ಬರೆದ ಪತ್ರ ಅಧಿಕಾರಿ ಬದಲಾದರೂ ಕಚೇರಿಯನ್ನು ತಲಪುತ್ತದೆ. ಹಾಗೆಯೇ ಸಂಗ್ರಹದ ವಿಳಾಸವು ಆ ಗಳಿಗೆಯ ಪ್ರಧಾನದ ಕಡೆಗೆ ತಿರುಗುವಂತಿರಬೇಕು.

ಐದನೆಯ ಹೆಜ್ಜೆ ಮರಳಿಕೆ. ಬಿದ್ದಿದ್ದ ಯಾಲಾಲ್ ಸರ್ವರು ಮತ್ತೆ ಎದ್ದಾಗ ಹಳೆಯ ಪದವಿಯನ್ನು ಒಡನೆಯೇ ಕೇಳಬಾರದು. ಮೊದಲು ಅನುಚರವಾಗಿ ಸೇರಿ, ತಾನಿಲ್ಲದಾಗ ಸೇರಿದ ಬರೆಹಗಳನ್ನು ಪಡೆದು, ಸಮಗಟ್ಟಾದ ಮೇಲೆ, ಹೊಣೆಗಾರರಾದ ಮನುಷ್ಯರ ತೀರ್ಮಾನದಿಂದ ಪಟ್ಟಕ್ಕೆ ಮರಳಬೇಕು. ಹಸ್ತಾಂತರ ಸ್ವಯಂಚಾಲಿತವಾಗಿದ್ದರೂ ಮರಳಿಕೆ ವಿಚಾರಪೂರ್ವಕವಾಗಿರುವುದು ಕ್ಷೇಮ.

ಆರನೆಯದು ತಾಲೀಮು. ಮೊದಲೇ ತಿಳಿಸಿದ ದಿನದಂದು ಪ್ರಧಾನದ ಸಂಪರ್ಕವನ್ನು ಬೇಕೆಂದೇ ಕಡಿದು, ಜಹೀರಾಬಾದ್ ಪಟ್ಟಕ್ಕೇರಿತೇ, ಎಷ್ಟು ಹೊತ್ತು ಹಿಡಿಯಿತು, ಕೊನೆಯ ಕಡತ ಅಲ್ಲಿದೆಯೇ ಎಂಬುದನ್ನು ಬರೆದಿಡಬೇಕು. ತಾಲೀಮಿಲ್ಲದ ಹಸ್ತಾಂತರವು ರಂಗವನ್ನೇ ಏರದ ಬಯಲಾಟದಂತೆ ಕಾಗದದ ಮೇಲಿನ ಏರ್ಪಾಡಷ್ಟೇ.

ಪ್ರತಿ ಬೇರೆ, ಕಾಪು ಬೇರೆ

ಪ್ರತೀಕರಣಕ್ಕೆ ಒಂದು ಮೂಲಭೂತ ಮಿತಿಯಿದೆ. ಅದು ಪ್ರಧಾನದಲ್ಲಿ ಆದುದನ್ನೆಲ್ಲ ವಿಧೇಯವಾಗಿ ಪ್ರತಿ ಮಾಡುತ್ತದೆ. ಅಳಿಸುವಿಕೆಯನ್ನೂ ಪ್ರತಿ ಮಾಡುತ್ತದೆ. ಯಾರೋ ಕೈತಪ್ಪಿ ಒಂದು ಕಡತಗಳ ಕಟ್ಟನ್ನು ಅಳಿಸಿದರೆ ಕ್ಷಣಾರ್ಧದಲ್ಲಿ ಎರಡೂ ಊರುಗಳಿಂದ ಅದು ಮಾಯವಾಗುತ್ತದೆ. ಗ್ರಂಥಸಂಪಾದನೆಯಲ್ಲಿಯೂ ಇದೇ ನಿಯಮ ಕಾಣುತ್ತದೆ: ಮಾತೃಪ್ರತಿಯಲ್ಲಿ ಬಿಟ್ಟುಹೋದ ಪದ್ಯವು ಅದರಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲಿಯೂ ಇರುವುದಿಲ್ಲ, ಅಂಥ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಾಗದೆ ಒಂದೇ ಸಾಕ್ಷಿಯ ಹತ್ತು ಪ್ರತಿಧ್ವನಿಗಳಾಗುತ್ತವೆ.

ಆದ್ದರಿಂದ ಹಿಂದಿನ ಕಾಲಘಟ್ಟದ ಸ್ಥಿತಿಯನ್ನು ಹಾಗೆಯೇ ಉಳಿಸಿಕೊಂಡ, ಪ್ರಧಾನದ ಆಜ್ಞೆಗೆ ಒಳಪಡದ ಬ್ಯಾಕಪ್ ಎಂಬ ಕಾಪುಪ್ರತಿ ಬೇರೆಯೇ ಇರಬೇಕು. ಅದು ದೂರದಲ್ಲಿರಬೇಕು, ನಿಗದಿತ ಅವಧಿಯವರೆಗೆ ಅಳಿಸಲಾಗದಂತಿರಬೇಕು, ಅದನ್ನು ಮರಳಿ ತೆರೆದು ನೋಡಿರಬೇಕು. ಈ ಕೊನೆಯ ಮಾತಿಗೆ ಗಿಟ್‌ಲ್ಯಾಬ್ ಸಂಸ್ಥೆಯ ಅನುಭವ ಸಾಕ್ಷಿ. 2017ರ ಜನವರಿ 31ರಂದು ಪ್ರತೀಕರಣದ ತೊಡಕನ್ನು ಸರಿಪಡಿಸಲು ಹೊರಟ ಎಂಜಿನಿಯರೊಬ್ಬರು ಅನುಚರದ ಮೇಲೆ ಮಾಡಬೇಕಾದ ಅಳಿಸುವಿಕೆಯನ್ನು ಪ್ರಧಾನದ ಮೇಲೆ ಮಾಡಿದರು. ಕಾಪುಪ್ರತಿಗಾಗಿ ಇದ್ದ ಏರ್ಪಾಡುಗಳಲ್ಲಿ ಹಲವು ಬಹುದಿನಗಳಿಂದ ಕೆಲಸ ಮಾಡುತ್ತಲೇ ಇರಲಿಲ್ಲವೆಂಬುದು ಆಗ ತಿಳಿಯಿತು. ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಉದ್ದೇಶಕ್ಕಾಗಿ ತೆಗೆದಿದ್ದ ಪ್ರತಿಯಿಂದ ಸೇವೆಯನ್ನು ಮತ್ತೆ ಆರಂಭಿಸಬೇಕಾಯಿತು. ಆ ನಡುವಣ ದತ್ತಾಂಶ ನಷ್ಟವಾಯಿತು. ಆ ಸಂಸ್ಥೆ ಘಟನೆಯ ವಿವರಗಳನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಅದು ಎಲ್ಲರಿಗೂ ಪಾಠವಾಯಿತು.

ಕಲ್ಪಿತ ಮಾದರಿಯಲ್ಲಿ ಈ ಕಾಪುಪ್ರತಿಯನ್ನು ಮುಂಬಯಿಯಂಥ ಬೇರೊಂದು ನಗರದ ಕ್ಲೌಡ್ ಕೇಂದ್ರದಲ್ಲಿ ಇಡುವುದು ಯುಕ್ತ. ಜೊತೆಗೆ ಒಂದು ಡಿಸ್ಕಿನಲ್ಲಿ ಬರೆದು, ಯಾವ ಜಾಲಕ್ಕೂ ಸೇರಿಸದೆ ಬೀರುವಿನಲ್ಲಿ ಇಟ್ಟರೆ ಇನ್ನೂ ಲೇಸು.

ಪ್ರಮಾಣ: ಪ್ರತಿ ಸರಿಯಾಗಿದೆಯೇ?

ಕಡತವು ಇದೆ ಎಂಬುದು ಒಂದು ಸಂಗತಿ; ಮೊದಲು ಇದ್ದಂತೆಯೇ ಇದೆ ಎಂಬುದು ಮತ್ತೊಂದು. ಡಿಸ್ಕುಗಳಲ್ಲಿ ಸದ್ದಿಲ್ಲದೆ ಅಕ್ಷರಗಳು ಕೆಡುವುದುಂಟು. ಇದನ್ನು ಹಿಡಿಯಲು ಪ್ರತಿಯೊಂದು ಕಡತಕ್ಕೂ ಚೆಕ್‌ಸಮ್ ಎಂಬ ಪ್ರಮಾಣಸಂಖ್ಯೆಯನ್ನು ಲೆಕ್ಕ ಹಾಕಿ ಪಟ್ಟಿಯಲ್ಲಿ ಬರೆದಿಡುತ್ತಾರೆ. ‘ಶಾ-256’ ಎಂಬ ಬಳಕೆಯ ವಿಧಾನದಲ್ಲಿ ಕಡತ ಎಷ್ಟೇ ದೊಡ್ಡದಿರಲಿ, ಫಲಿತವು 64 ಅಂಕಾಕ್ಷರಗಳ ಒಂದು ಸಾಲಾಗಿರುತ್ತದೆ. ಕಡತದ ಒಂದೇ ಬಿಟ್ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಕಾಲಕಾಲಕ್ಕೆ ಎಲ್ಲ ಪ್ರತಿಗಳ ಪ್ರಮಾಣಸಂಖ್ಯೆಗಳನ್ನು ಮತ್ತೆ ಲೆಕ್ಕಿಸಿ ಪಟ್ಟಿಯೊಡನೆ ತಾಳೆ ನೋಡಿ, ಕೆಟ್ಟುದನ್ನು ಸರಿಯಾದ ಪ್ರತಿಯಿಂದ ದುರಸ್ತಿ ಮಾಡಲಾಗುತ್ತದೆ.

ಹಸ್ತಪ್ರತಿಗಳ ಪರಂಪರೆಯಲ್ಲಿ ಇದಕ್ಕೆ ಪೂರ್ವರೂಪಗಳಿವೆ. ಕೃತಿಯ ಪ್ರಮಾಣವನ್ನು 32 ಅಕ್ಷರಗಳ ‘ಗ್ರಂಥ’ ಎಂಬ ಏಕಮಾನದಲ್ಲಿ ಎಣಿಸಿ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುವ ವಾಡಿಕೆಯಿತ್ತು. ಎಣಿಕೆ ತಪ್ಪಿದರೆ ಏನೋ ಬಿಟ್ಟಿದೆ ಅಥವಾ ಸೇರಿದೆ ಎಂಬ ಸೂಚನೆ ಸಿಗುತ್ತಿತ್ತು. ಛಂದಸ್ಸೂ ಆದಿಪ್ರಾಸವೂ ಇನ್ನೂ ಸೂಕ್ಷ್ಮವಾದ ಕಾವಲುಗಾರರು. ಕಂದಪದ್ಯದಲ್ಲಿ ಮಾತ್ರೆ ಕೆಟ್ಟರೆ, ಪ್ರಾಸಾಕ್ಷರ ಹೊಂದದಿದ್ದರೆ, ಲಿಪಿಕಾರನು ಎಡವಿದ್ದು ಎಲ್ಲಿ ಎಂಬುದು ಸಂಪಾದಕನಿಗೆ ತಿಳಿಯುತ್ತದೆ. ಹಲವು ವೇಳೆ ಗರಿ ಮುರಿದು ಹೋದ ಪ್ರಾಸಾಕ್ಷರವನ್ನು ಉಳಿದ ಪಾದಗಳಿಂದ ಊಹಿಸಬಹುದು.

ಉಳಿದುದರಿಂದ ಹೋದುದನ್ನು ಪಡೆಯುವ ಈ ಶಕ್ತಿಯೇ ಎರೇಷರ್ ಕೋಡಿಂಗ್ ಎಂಬ ಆಧುನಿಕ ವಿಧಾನದಲ್ಲಿ ಗಣಿತದ ರೂಪವನ್ನು ತಾಳಿದೆ. ಕಡತವನ್ನು ನಾಲ್ಕು ತುಂಡು ಮಾಡಿ, ಅವುಗಳಿಂದ ಲೆಕ್ಕಿಸಿದ ಎರಡು ಹೆಚ್ಚುವರಿ ತುಂಡುಗಳನ್ನು ಸೇರಿಸಿ, ಆರನ್ನೂ ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟರೆ, ಯಾವ ಎರಡು ಹೋದರೂ ಉಳಿದ ನಾಲ್ಕರಿಂದ ಪೂರ್ಣ ಕಡತ ಮತ್ತೆ ಸಿಗುತ್ತದೆ. 500 ಗಿಗಾಬೈಟ್ ಸಂಗ್ರಹದ ಮೂರು ಪ್ರತಿಗಳಿಗೆ 1,500 ಗಿಗಾಬೈಟ್ ಸ್ಥಳ ಬೇಕಾದರೆ ಈ ಕ್ರಮಕ್ಕೆ 750 ಸಾಕು. ಲೆಕ್ಕದ ಶ್ರಮ ಹೆಚ್ಚಿದರೂ ಸ್ಥಳ ಉಳಿಯುವುದರಿಂದ ದೊಡ್ಡ ಸಂಗ್ರಹಗಳು ಇದನ್ನು ಆಶ್ರಯಿಸುತ್ತವೆ.

ಉಪಸಂಹಾರ

ಹನ್ನೆರಡನೆಯ ಶತಮಾನದ ಕಲ್ಯಾಣ ಕ್ರಾಂತಿಯ ಅನಂತರ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೂ ಇತರ ದಿಕ್ಕುಗಳಿಗೂ ಚದುರಿದರೆಂದು ಪರಂಪರೆ ಹೇಳುತ್ತದೆ. ಶತಮಾನಗಳ ಮೇಲೆ ಮನೆಮನೆಯ ತಾಳೆಗರಿಯ ಕಟ್ಟುಗಳನ್ನು ಹುಡುಕಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಲು ಸಾಧ್ಯವಾದುದು, ಕಲ್ಯಾಣ ಬಿದ್ದರೂ ವಚನದ ಪ್ರತಿಗಳು ಒಂದೇ ಕಡೆ ಇರಲಿಲ್ಲವಾದ್ದರಿಂದ. ಆ ಪ್ರತಿಗಳನ್ನು ಹೊರುವ, ಕಾಯುವ, ತಾಳೆ ನೋಡುವ ಹೊಣೆಯನ್ನು ಕಾಲಕಾಲಕ್ಕೆ ಯಾರೋ ವಹಿಸಿಕೊಂಡರು.

ಯಂತ್ರಗಳು ಇಂದು ಆ ಹೊಣೆಯ ಒಂದು ಭಾಗವನ್ನು ವಹಿಸಿಕೊಂಡಿವೆ. ಪ್ರತಿಯನ್ನು ಅವು ಕ್ಷಣದಲ್ಲಿ ಮಾಡಬಲ್ಲವು. ಪ್ರತಿನಿಧಿಯನ್ನು ಸೆಕೆಂಡುಗಳಲ್ಲಿ ಆರಿಸಬಲ್ಲವು. ಯಾವುದು ಉಳಿಯಬೇಕು, ಎಷ್ಟು ದೂರದಲ್ಲಿರಬೇಕು, ಯಾವ ಪ್ರತಿಯನ್ನು ನಂಬಬೇಕು ಎಂಬ ನಿರ್ಣಯಗಳು ಮಾತ್ರ ಸಂಗ್ರಾಹಕನವು, ಸಂಪಾದಕನವು. ಗಡಿಯೂರಿನ ಹಾಡೊಂದನ್ನು ಧ್ವನಿಮುದ್ರಿಸುವ ವಿದ್ಯಾರ್ಥಿಯು ಊರಿಗೆ ಮರಳುವ ಮೊದಲೇ ಅದರ ಎರಡನೆಯ ಪ್ರತಿಯನ್ನು ಬೇರೊಂದು ಸ್ಥಳಕ್ಕೆ ಕಳಿಸಿ, ಪ್ರಮಾಣಸಂಖ್ಯೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರೆ ಗ್ರಂಥರಕ್ಷಣೆಯ ಮೊದಲ ಪಾಠ ಆಚರಣೆಗೆ ಬಂದಂತಾಗುತ್ತದೆ.

ಅಭ್ಯಾಸ ಪ್ರಶ್ನೆಗಳು

1. ‘ಶಾಂತಿಪುರಾಣ’ ಮತ್ತು ‘ಧವಳಾ’ ಟೀಕೆ ಉಳಿದು ಬಂದ ಬಗೆಗಳನ್ನು ಹೋಲಿಸಿ, ಪ್ರತಿಗಳ ಸಂಖ್ಯೆ ಮತ್ತು ಸ್ಥಾನಗಳ ಮಹತ್ವವನ್ನು ವಿವರಿಸಿರಿ.
2. ಸಮಕಾಲಿಕ ಮತ್ತು ಅಸಮಕಾಲಿಕ ಪ್ರತೀಕರಣಗಳ ಗುಣದೋಷಗಳನ್ನು ಬರೆಯಿರಿ.
3. ‘ಒಡೆದ ಮಿದುಳು’ ಎಂದರೇನು? ಅದನ್ನು ತಡೆಯುವ ಮೂರು ಉಪಾಯಗಳನ್ನು ತಿಳಿಸಿರಿ.
4. ಪ್ರತೀಕರಣವಿದ್ದರೂ ಕಾಪುಪ್ರತಿ ಏಕೆ ಬೇಕು? ಮಾತೃಪ್ರತಿಯ ದೋಷಗಳ ಉದಾಹರಣೆಯೊಂದಿಗೆ ಸಮರ್ಥಿಸಿರಿ.
5. ಆದಿಪ್ರಾಸ ಮತ್ತು ಗ್ರಂಥಸಂಖ್ಯೆಗಳು ಪಾಠರಕ್ಷಣೆಗೆ ನೆರವಾಗುವ ಕ್ರಮವನ್ನು ಚೆಕ್‌ಸಮ್ಮಿನೊಂದಿಗೆ ಹೋಲಿಸಿರಿ.